ಆಡಿಯೋಫೈಲ್ ಎಲ್‌ಪಿ ಲೇಬಲ್‌ಗಳು ಮತ್ತೆ ಸಿನಿಮಾ ರಿಸ್ಟೋರೇಶನ್ ಲೇಬಲ್‌ಗಳು: ಯಾರನ್ನ ನಂಬಿ ದುಡ್ಡು ಹಾಕೋದು?

ಸೂಜಿಮೊನೆ:
ನಮಸ್ಕಾರ ಎಲ್ರಿಗೂ. ನಂಗೆ ಎರಡೂ ಹುಚ್ಚಿದೆ, ಎಲ್‌ಪಿ ರೆಕಾರ್ಡೂ ತಗೋತೀನಿ, ಹಳೇ ಸಿನಿಮಾಗಳ ಬ್ಲೂ-ರೇನೂ ತಗೋತೀನಿ. ಹಳೇ ಸಿನಿಮಾ ರಿಸ್ಟೋರ್ ಮಾಡಿ ಡಿಸ್ಕ್ ತರೋ ಕ್ರೈಟೀರಿಯನ್ ಲೇಬಲ್ ಬ್ಲೂ-ರೇ ಒಂದಕ್ಕೆ 40 ಡಾಲರ್ ಆಗತ್ತೆ, ಸೇಲ್ ಬಂದಾಗ ಅರ್ಧ ರೇಟಿಗೂ ಸಿಗತ್ತೆ. ಅದೇ ಮೊಬೈಲ್ ಫಿಡೆಲಿಟಿ, ಅಂದ್ರೆ ಮೋಫೈ ಅವ್ರ ಒನ್-ಸ್ಟೆಪ್ ಎಲ್‌ಪಿ 125 ಡಾಲರ್, ಅನಲಾಗ್ ಪ್ರೊಡಕ್ಷನ್ಸ್ ಅವ್ರ ಯುಎಚ್‌ಕ್ಯುಆರ್ ಅನ್ನೋ ದುಬಾರಿ ಎಲ್‌ಪಿ 150. ಮೇಲೆ ಶಿಪ್ಪಿಂಗು ಕಸ್ಟಮ್ಸು ಬೇರೆ. ಸಿನಿಮಾ ಡಿಸ್ಕ್ ಜೊತೆ ಬರೋ ಪುಸ್ತಕದಲ್ಲಿ ಯಾವ ನೆಗೆಟಿವ್‌ನಿಂದ ಸ್ಕ್ಯಾನ್ ಮಾಡಿದ್ರು, ಎಷ್ಟು ರೆಸೊಲ್ಯೂಶನ್ನು, ಸೌಂಡ್ ಎಲ್ಲಿಂದ ತಗೊಂಡ್ರು ಎಲ್ಲಾ ಬರ್ದಿರ್ತಾರೆ. ಎಲ್‌ಪಿ ಕವರ್ ಮೇಲೆ 'ಒರಿಜಿನಲ್ ಮಾಸ್ಟರ್' ಅಂತ ಒಂದು ಪಟ್ಟಿ ಬಿಟ್ರೆ ಎಷ್ಟೋ ಸಲ ಬೇರೇನೂ ಇರಲ್ಲ. ಇವೆರಡನ್ನ ಒಂದೇ ತಕ್ಕಡೀಲಿ ತೂಗಬಹುದಾ? ನೀವೆಲ್ಲ ಏನು ನೋಡಿ ತಗೋತೀರಾ?

ಟೇಪ್_ರಾಯ:
ಒಳ್ಳೇ ಪ್ರಶ್ನೆ ಗುರು. ನನ್ನ ಪ್ರಕಾರ ಲೇಬಲ್ ಹೆಸರು ಆಮೇಲೆ, ಎಲ್ಲಿಂದ ತಗೊಂಡು ಮಾಡಿದ್ದಾರೆ ಅಂತ ಬಾಯ್ಬಿಟ್ಟು ಹೇಳ್ತಾರಾ ಅನ್ನೋದೇ ಮೊದಲು ನೋಡ್ಬೇಕಾದ್ದು. 2022ರಲ್ಲಿ ಮೋಫೈ ವಿಷಯದಲ್ಲಿ ಆಗಿದ್ದು ಇದೇ ತಾನೇ.

ಗೊತ್ತಿಲ್ದೋರಿಗೆ ಸ್ವಲ್ಪ ಹಿನ್ನೆಲೆ ಹೇಳ್ತೀನಿ. ಮಾಮೂಲಿ ಎಲ್‌ಪಿಗೆ ಮೊದಲು ಲ್ಯಾಕರ್ ಅನ್ನೋ ಮೆತ್ತನೆ ಪದರದ ತಟ್ಟೆ ಮೇಲೆ ಗ್ರೂವ್ ಕೊರೀತಾರೆ, ಅದರಿಂದ ಫಾದರ್ ಅನ್ನೋ ಲೋಹದ ಅಚ್ಚು, ಫಾದರ್‌ನಿಂದ ಮದರ್, ಮದರ್‌ನಿಂದ ಸ್ಟ್ಯಾಂಪರ್, ಹಿಂಗೆ ಮೂರು ಹಂತ ದಾಟಿ ಪ್ರೆಸ್ಸಿಂಗ್. ಒನ್-ಸ್ಟೆಪ್‌ನಲ್ಲಿ ನಡುವಿನ ಎರಡು ಹಂತ ಬಿಟ್ಟು ಲ್ಯಾಕರ್‌ನಿಂದ ಬಂದ ಲೋಹದ ಅಚ್ಚಿನಿಂದಲೇ ನೇರ ಒತ್ತುತಾರೆ. ಹಿನ್ನೆಲೆಯ ಸರಸರ ಸದ್ದು ಕಮ್ಮಿ, ಡೀಟೇಲ್ ಜಾಸ್ತಿ, ನಿಜ. ಆದ್ರೆ ಆ ಅಚ್ಚು ಸವೆದ್ರೆ ಹೊಸ ಲ್ಯಾಕರ್ ಕೊರೀಲೇಬೇಕು, ಮದರ್ ಇಲ್ವಲ್ಲ. ಹೊಸ ಲ್ಯಾಕರ್ ಅಂದ್ರೆ ಮಾಸ್ಟರ್ ಟೇಪ್, ಅಂದ್ರೆ ಸ್ಟುಡಿಯೋದ ಮೂಲ ಟೇಪ್, ಇನ್ನೊಂದು ಸಲ ಓಡಿಸ್ಬೇಕು. ಮೈಕಲ್ ಜಾಕ್ಸನ್ 'ಥ್ರಿಲ್ಲರ್' ಒನ್-ಸ್ಟೆಪ್ 40,000 ಕಾಪಿ ಬರತ್ತೆ ಅಂದಾಗ, ಅಷ್ಟಕ್ಕೆ ಎಷ್ಟು ಲ್ಯಾಕರ್ ಬೇಕು, ಅಷ್ಟು ಸಲ ಆ ಟೇಪ್ ಓಡಿಸೋಕೆ ಯಾವ ಕಂಪನಿ ಬಿಡತ್ತೆ ಅಂತ ಜನ ಲೆಕ್ಕ ಹಾಕೋಕೆ ಶುರು ಮಾಡಿದ್ರು. ಅರಿಜೋನಾದ ಒಬ್ಬ ರೆಕಾರ್ಡ್ ಅಂಗಡಿಯವ್ರು ಮೋಫೈ ಡಿಜಿಟಲ್ ಫೈಲ್ ಬಳಸತ್ತೆ ಅಂತ ಕೇಳಿ ವಿಡಿಯೋ ಮಾಡಿದ್ರು, ಆಮೇಲೆ ಮೋಫೈ ಎಂಜಿನಿಯರ್‌ಗಳೇ ಹೌದು, ಟೇಪನ್ನ ಮೊದಲು ಡಿಎಸ್‌ಡಿ ಡಿಜಿಟಲ್ ಫೈಲ್ ಮಾಡ್ಕೋತೀವಿ ಅಂತ ಒಪ್ಕೊಂಡ್ರು. 2011ರಿಂದಲೂ ನಡೀತಿತ್ತು. ಕೋರ್ಟಿಗೆ ಹೋಗಿ 25 ಮಿಲಿಯನ್ ಡಾಲರ್ ಸೆಟ್ಲ್‌ಮೆಂಟ್ ಆಯ್ತು.

ಡಿಜಿಟಲ್ ಫೈಲ್ ತಪ್ಪು ಅಂತ ನಾನು ಹೇಳ್ತಿಲ್ಲ, ಆ ರೆಕಾರ್ಡ್‌ಗಳು ಕೇಳೋಕೆ ನಿಜವಾಗ್ಲೂ ಚೆನ್ನಾಗಿವೆ. ಟೇಪ್ ಉಳಿಸೋಕೆ ಒಂದು ಸಲ ಚೆನ್ನಾಗಿ ಕಾಪಿ ಮಾಡ್ಕೊಂಡು ಅದರಿಂದ ಎಷ್ಟು ಬೇಕಾದ್ರೂ ಲ್ಯಾಕರ್ ಕೊರೀರಿ, ಬೇಡ ಅಂದೋರು ಯಾರು, ಆದ್ರೆ ಜನ ಅನಲಾಗ್, ಅಂದ್ರೆ ಟೇಪ್‌ನಿಂದಲೇ ನೇರ ಕೊರೆದಿದ್ದು ಅಂತ ನಂಬಿ ದುಡ್ಡು ಕೊಡ್ತಿದ್ದಾಗ ಸುಮ್ನಿದ್ದಿದ್ದು ಮಾತ್ರ ತಪ್ಪು. ಈಗ ಅವ್ರೂ ಟೇಪ್‌ನಿಂದ ಡಿಎಸ್‌ಡಿ, ಅಲ್ಲಿಂದ ಗ್ರೂವ್ ಕೊರೆಯೋ ಲೇತ್ ಅಂತ ಇಡೀ ಸರಪಳಿ ಬರೀತಾರೆ.

ಇದಕ್ಕೆ ಉಲ್ಟಾ ಉದಾಹರಣೆ ಬೇಕಾ, ಸ್ಟೀಲಿ ಡ್ಯಾನ್ 'ಏಜಾ' ಯುಎಚ್‌ಕ್ಯುಆರ್ ನೋಡಿ. ಅದನ್ನ ಮಾಡಿರೋದು ಕಾಪಿ ಟೇಪ್‌ನಿಂದ, ಅದನ್ನ ಅವ್ರು ಮೊದಲೇ ಹೇಳಿಬಿಟ್ರು. ನಂಗೆ ಅಷ್ಟು ಸಾಕು.

ರೀಲು_ಡಬ್ಬ:
ಟೇಪ್_ರಾಯ ಅವ್ರು ಹೇಳಿದ್ದಕ್ಕೆ ಸಿನಿಮಾ ಕಡೆಯಿಂದ ಒಂದು ಮಾತು. ಸಿನಿಮಾದಲ್ಲಿ ಡಿಜಿಟಲ್ ಅಂದ್ರೆ ಯಾರೂ ಮೂಗು ಮುರಿಯಲ್ಲ, ಯಾಕಂದ್ರೆ ಎಷ್ಟೋ ಕಡೆ ಅದಿಲ್ದೆ ಸಿನಿಮಾನೇ ಉಳೀತಿರಲಿಲ್ಲ. ಸತ್ಯಜಿತ್ ರೇ ಅವ್ರ ಅಪು ಸರಣಿಯ ಮೂರು ಚಿತ್ರಗಳ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬ್ ಒಂದರ ಬೆಂಕೀಲಿ ಸುಟ್ಟುಹೋಯ್ತು. ಉಳಿದಿದ್ದನ್ನ ಆಸ್ಕರ್ ಕೊಡೋ ಅಕಾಡೆಮಿಯೋರು ಎಸೀದೆ ಇಟ್ಕೊಂಡಿದ್ರು. ಸುಮಾರು 20 ವರ್ಷ ಆದ್ಮೇಲೆ ಕ್ರೈಟೀರಿಯನ್‌ನೋರು ಅದನ್ನ ಇಟಲಿಯ ಬೊಲೋನಾ ಲ್ಯಾಬಿಗೆ ಕಳಿಸಿದ್ರು. ಒಣಗಿ ಮುದುರಿದ ಫಿಲ್ಮಿಗೆ ಮೊದಲು ತೇವ ಕೊಟ್ಟು ಮೆತ್ತಗೆ ಮಾಡಿ, ಕರಗಿದ ಟೇಪು ಅಂಟು ಬಿಡಿಸಿ, ಹರಿದುಹೋದ ಅಂಚಿನ ತೂತುಗಳನ್ನ ಕೈಯಲ್ಲೇ ಕಟ್ಟಿದ್ರು, ಬರೀ ಈ ರಿಪೇರಿಗೇ ಸಾವಿರ ಗಂಟೆ ಹತ್ರ ಹಿಡೀತು. ಇಷ್ಟಾದ್ರೂ ಮೊದಲನೇ ಚಿತ್ರ 'ಪಥೇರ್ ಪಾಂಚಾಲಿ'ಲಿ ನೆಗೆಟಿವ್‌ನಿಂದ ಸಿಕ್ಕಿದ್ದು ಶೇ. 40 ಅಷ್ಟೇ, ಉಳಿದಿದ್ದು ಬೇರೆ ಪ್ರಿಂಟು, ಡ್ಯೂಪ್ ಅಂದ್ರೆ ನಕಲು ನೆಗೆಟಿವ್‌ಗಳಿಂದ. ಅದನ್ನೂ ಬರ್ದು ಹೇಳಿದ್ದಾರೆ ನೋಡಿ. ಎಲ್‌ಪಿ ರೀಇಶ್ಯೂಗೆ ಇಂಥ ಕೆಲ್ಸ ಬೀಳೋದು ಅಪರೂಪ, ಟೇಪ್ ಸಾಮಾನ್ಯವಾಗಿ ಕಂಪನಿ ಗೋಡೌನಲ್ಲಿ ಭದ್ರವಾಗಿ ಇರತ್ತೆ.

ಆದ್ರೆ ಸಿನಿಮಾ ಲೇಬಲ್‌ಗಳನ್ನೂ ಕಣ್ಮುಚ್ಚಿ ನಂಬ್ಬೇಡಿ. ನಿರ್ದೇಶಕರೇ ಒಪ್ಪಿದ್ದು ಅಂತ ಹಾಕಿದ್ರೆ ಥಿಯೇಟರ್‌ನಲ್ಲಿ ಬಂದಿದ್ದೇ ಬರತ್ತೆ ಅಂತೇನಿಲ್ಲ. ಹಾಂಗ್‌ಕಾಂಗ್ ನಿರ್ದೇಶಕ ವಾಂಗ್ ಕಾರ್-ವೈ ಅವ್ರ ಸಿನಿಮಾಗಳ 2021ರ ಬಾಕ್ಸ್‌ನಲ್ಲಿ ಬಣ್ಣ ಬದಲಾಯ್ತು, 'ಫಾಲನ್ ಏಂಜಲ್ಸ್' ಫ್ರೇಮಿನ ಅಗಲವೇ ಬದಲಾಯ್ತು. ಬೇಕಂತಲೇ ಮಾಡಿದ್ದು ಅಂತ ಅವರೇ ಬರ್ದಿದ್ದಾರೆ, ಮುಚ್ಚಿಟ್ಟಿಲ್ಲ, ಆದ್ರೂ ಹಳೇದು ಬೇಕು ಅನ್ನೋರಿಗೆ ಆ ಬಾಕ್ಸ್‌ನಲ್ಲಿ ದಾರಿ ಇಲ್ಲ, ನಂಗೆ ಇವತ್ತಿಗೂ ಬೇಜಾರು. ಎಲ್‌ಪಿಲಾದ್ರೆ ಹಳೇ ಪ್ರೆಸ್ಸಿಂಗ್ ಹುಡುಕಿ ತಗೋಬಹುದು.

ಸೂಜಿಮೊನೆ:
ಇದು ನಾನು ಯೋಚ್ನೆನೇ ಮಾಡಿರ್ಲಿಲ್ಲ ರೀಲು_ಡಬ್ಬ ಅವ್ರೇ, ಥ್ಯಾಂಕ್ಸ್. ಹಂಗಾದ್ರೆ ಸಿನಿಮಾದಲ್ಲಿ ಲೇಬಲ್ ಒಂದು ಕಡೆ, ರಿಸ್ಟೋರ್ ಮಾಡೋರು ಇನ್ನೊಂದು ಕಡೆ, ಅಲ್ವಾ?

ತುಂಗಾ_ತೀರ:
ಹೌದು ಮತ್ತೆ, ತುಂಬಾ ಸಲ ಹಂಗೇ. ನಮ್ಮ 'ಘಟಶ್ರಾದ್ಧ'ನೇ ತಗೊಳ್ಳಿ, ಗಿರೀಶ ಕಾಸರವಳ್ಳಿ ಅವ್ರ 1977ರ ಸಿನಿಮಾ. ಅದನ್ನ ಉಳಿಸಿದ್ದು ಡಿಸ್ಕ್ ಮಾರೋ ಲೇಬಲ್ ಅಲ್ಲ, ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಶುರು ಮಾಡಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟು ಮತ್ತೆ ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್. ಲ್ಯಾಬ್ ಅದೇ ಬೊಲೋನಾದ್ದು. 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದ್ರು. ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ನಲ್ಲಿ ನೆಗೆಟಿವ್ ಉಳಿದಿತ್ತು ಅನ್ನೋದೇ ದೊಡ್ಡ ಪುಣ್ಯ. ನಮ್ಮಲ್ಲಿ ಇನ್ನೂ ಎಷ್ಟು ಒಳ್ಳೇ ಸಿನಿಮಾಗಳಿಗೆ ಈ ಭಾಗ್ಯ ಬರ್ಬೇಕು ಅಂತ ನೆನೆದ್ರೆ ಹೊಟ್ಟೆ ಉರಿಯತ್ತೆ. ಎಲ್‌ಪಿ ಕಡೆ ದಾನ ಕೊಟ್ಟು ಮಾಡಿಸೋ ಇಂಥ ಫೌಂಡೇಶನ್ ವ್ಯವಸ್ಥೆ ಕಾಣೋದು ಕಮ್ಮಿ, ಲೈಸೆನ್ಸು, ಮಾಸ್ಟರಿಂಗು, ಪ್ರೆಸ್ಸಿಂಗು ಎಲ್ಲಾ ಖರ್ಚು ನಮ್ಮ ಜೇಬಿಂದಲೇ ಬರ್ಬೇಕು. ರೇಟ್ ಯಾಕೆ ಹಂಗೆ ಅನ್ನೋದಕ್ಕೆ ಇದೂ ಒಂದು ಕಾರಣ.

ಟೇಪ್_ರಾಯ:
ಸೂಜಿಮೊನೆ, ತಗೊಳೋ ಮುಂಚೆ ಎರಡು ವಿಷಯ ನೋಡ್ಕೊಳ್ಳಿ. ಎಲ್‌ಪಿ ಆದ್ರೆ ಲೇಬಲ್ ಸುತ್ತ ಇರೋ ಖಾಲಿ ಜಾಗನ ಲೈಟಿಗೆ ಹಿಡಿದು ವಾಲಿಸಿ, ಗೀರಿದ ಅಕ್ಷರ ಕಾಣತ್ತೆ. ಜಾಝ್ ಲೇಬಲ್ ಬ್ಲೂ ನೋಟ್ ಅವ್ರ ಟೋನ್ ಪೊಯೆಟ್ ಸರಣಿಲಿ ಲ್ಯಾಕರ್ ಕೊರೆಯೋ ಎಂಜಿನಿಯರ್ ಕೆವಿನ್ ಗ್ರೇ ಅವ್ರ ಗುರುತು ಇರತ್ತೆ, ಮೂಲ ಟೇಪ್‌ನಿಂದಲೇ ಕೊರೆದಿರ್ತಾರೆ, ರೇಟೂ ಒನ್-ಸ್ಟೆಪ್‌ಗಿಂತ ಎಷ್ಟೋ ಕಮ್ಮಿ. ಶುರುಮಾಡೋರಿಗೆ ನಾನು ಅದನ್ನೇ ಹೇಳೋದು.

ಡಿಸ್ಕ್ ಆದ್ರೆ ರೀಜನ್, ಅಂದ್ರೆ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡತ್ತೆ ಅನ್ನೋ ಬೀಗ, ನೋಡಿ. ಕ್ರೈಟೀರಿಯನ್ ಅಮೆರಿಕಾ ಬ್ಲೂ-ರೇ ರೀಜನ್ ಎ, ಇಂಡಿಯಾದಲ್ಲಿ ಮಾರೋ ಪ್ಲೇಯರ್ ಸಿ, ಓಡಲ್ಲ. 4ಕೆ ಡಿಸ್ಕ್‌ಗೆ ಆ ಬೀಗ ಇಲ್ಲ. ಅಪು ಚಿತ್ರಗಳು 4ಕೆಲೂ ಬಂದಿವೆ, ಪ್ಲೇಯರ್ ಇದ್ರೆ ಅದನ್ನೇ ತಗೊಳ್ಳಿ.