ಗ್ರಹಣದ ಮೆಸೇಜು ಮತ್ತು ನಮ್ಮ ಕೂಸಿನ ಕಾಲು

ಕಾಕಾ: (ಫಾರ್ವರ್ಡ್) ಗ್ರಹಣದ ಹೊತ್ತಿನಲ್ಲಿ ಬಸುರಿಯರು ಸೂಜಿ-ದಾರ ಮುಟ್ಟಿದರೆ ಕೂಸಿನ ಕೈಕಾಲಿಗೆ ದಾರ ಬಿಗಿದ ಗುರುತು ಬರುತ್ತದೆ. ಎಲ್ಲರಿಗೂ ಕಳಿಸಿ.

ನಾನು: ಕಾಕಾ, ಇದನ್ನು ಅಳಿಸಿ. ವೈನಿ ಈ ಗುಂಪಿನಲ್ಲೇ ಇದ್ದಾರೆ.

ಕಾಕಾ: ನಾನು ಯಾರ ಹೆಸರೂ ಹೇಳಿಲ್ಲವಲ್ಲವ್ವ. ಹಿರಿಯರು ಸುಮ್ನೆ ಹೇಳುತ್ತಾರಾ?

ನಾನು: ಹೆಸರು ಯಾಕೆ ಬೇಕು ಕಾಕಾ? ನಮ್ಮ ಮನೆಯಲ್ಲಿ ಅಂಥ ಕೂಸು ಒಂದೇ. ಎಡಗಾಲಿನ ಸುತ್ತ ರಬ್ಬರ್ ಬ್ಯಾಂಡ್ ಕಚ್ಚಿದ ಹಾಗೆ ಗೆರೆ. ಅದರ ಕೆಳಗೆ ಪಾದ ಉಬ್ಬಿ ಒಳಕ್ಕೆ ತಿರುಗಿದೆ. ಮೆಸೇಜ್ ಓದಿ ವೈನಿ ಈಗಷ್ಟೇ ಕೇಳಿದರು: "ಕೂಸಿಗೆಂದು ಕೌದಿ ಹೊಲಿದಿದ್ದೆ. ನನ್ನಿಂದಲೇ ಹೀಗಾಯ್ತಾ?" ಏನು ಹೇಳಲಿ?

ಬಸಿರಿನಲ್ಲಿ ಕೂಸಿನ ಸುತ್ತ ನೀರಿನ ಚೀಲ ಇರುತ್ತದೆ. ಅದರ ಒಳಪದರ ಮೊದಲೇ ಹರಿದರೆ ಎಳೆಗಳು ಕೈಕಾಲಿಗೆ ಸುತ್ತಿಕೊಳ್ಳುತ್ತವೆ. ಹೆಚ್ಚಿನ ಡಾಕ್ಟರುಗಳು ಹೇಳುವ ಕಾರಣ ಇದು. ಇದಕ್ಕೆ ಆಮ್ನಿಯಾಟಿಕ್ ಬ್ಯಾಂಡ್ ಎನ್ನುತ್ತಾರೆ. 1,200ರಿಂದ 15,000 ಹೆರಿಗೆಗೆ ಇಂಥ ಒಂದು ಕೂಸು ಎಂಬ ಲೆಕ್ಕವಿದೆ. ಸಾಮಾನ್ಯವಾಗಿ ವಂಶದಿಂದಲೂ ಬರುವುದಿಲ್ಲ. ಕೌದಿಗೂ ಇದಕ್ಕೂ ಸಂಬಂಧವೇ ಇಲ್ಲ.

ಅತ್ತಿ: ಬೆನ್ನೂ ಡೊಂಕು ಇದೆಯಲ್ಲ? ಎರಡೂ ಕೂಡಿ ಬಂದಿವೆ ಅಂದರೆ ಏನೋ ದೋಷವೇ ಇರಬೇಕು.

ನಾನು: ಅತ್ತಿ, ನೀರು ಸೋರಿ ಕಮ್ಮಿಯಾದರೆ ಕೂಸಿಗೆ ಆಡಲು ಜಾಗ ಸಾಲುವುದಿಲ್ಲ. ಒತ್ತಿಕೊಂಡೇ ಬೆಳೆಯುತ್ತದೆ. ಪಾದ ತಿರುಗುವುದು, ಬೆನ್ನು ಬಾಗುವುದು ಅದರಿಂದ ಆಗಬಹುದು. ಬೆನ್ನೆಲುಬೇ ಸರಿಯಾಗಿ ಮೂಡಿಲ್ಲವಾ ಎಂದು ಎಕ್ಸ್‌ರೇಯಲ್ಲಿ ನೋಡುತ್ತಾರೆ. ಹಾಗಿದ್ದರೆ ಕಿಡ್ನಿ, ಹೃದಯದ ಸ್ಕ್ಯಾನೂ ಆಗಬೇಕು. ಒಂದು ಕಾಲು ಗಿಡ್ಡವಾದರೆ ಮುಂದೆ ಸೊಂಟ ವಾಲಿ ಬೆನ್ನು ಬಾಗುವುದೂ ಉಂಟು. ಅದಕ್ಕೇ ವರ್ಷಗಟ್ಟಲೆ ತೋರಿಸುತ್ತಿರಬೇಕು.

ಕಾಕಾ: ಗ್ರಹಣದ ದಿನ ಮಣ್ಣಲ್ಲಿ ಕೂರಿಸಿದರೆ ನೆಟ್ಟಗಾಗುತ್ತದೆ ಅಂತಾರೆ.

ನಾನು: ಕಾಕಾ, 2019ರ ಡಿಸೆಂಬರ್ 26ರ ಸೂರ್ಯಗ್ರಹಣ ಮರೆತಿರಾ? ಇಲ್ಲೇ ಕಲಬುರಗಿ ಪಕ್ಕದ ತಾಜ್ ಸುಲ್ತಾನಪುರ. ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಹೂತಿದ್ದರು. ಆ ಮಕ್ಕಳನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ನಮ್ಮ ಕೂಸನ್ನು ನಾನು ಅಲ್ಲಿಗೆ ಬಿಡುವುದಿಲ್ಲ.

ಗೆರೆ ಆಳವಾಗಿ ರಕ್ತ ಹರಿಯದಿದ್ದರೆ ಬೆರಳು ಕಪ್ಪಾಗುತ್ತದೆ. ಆಗ ತಡಮಾಡುವ ಹಾಗಿಲ್ಲ. ನಮ್ಮ ಕೂಸಿನ ಬೆರಳು ಬೆಚ್ಚಗಿವೆ, ಕೆಂಪಗಿವೆ. ದಿನಾ ಮುಟ್ಟಿ ನೋಡುತ್ತೇನೆ. ಆಪರೇಷನ್ ಮಾಡಿ ಗೆರೆ ತೆಗೆದು, ಚರ್ಮವನ್ನು ಅಂಕುಡೊಂಕು ಗೆರೆಯಲ್ಲಿ ಹೊಲಿಯುತ್ತಾರೆ. ದುಂಡಗೆ ಹೊಲಿದರೆ ಗಾಯ ಒಣಗುವಾಗ ಮತ್ತೆ ಬಿಗಿಯುತ್ತದೆ. ಪಾದಕ್ಕೆ ವಾರವಾರ ಪ್ಲಾಸ್ಟರ್ ಬದಲಿಸುತ್ತಾ ತಿರುಗಿಸುತ್ತಾರೆ.

ಅತ್ತಿ: ಆಯ್ತವ್ವ. ನಾನು ಕಟ್ಟಿದ ಕಪ್ಪು ದಾರವಾದರೂ ಇರಲಿ.

ನಾನು: ಉಬ್ಬಿದ ಕಾಲಿಗೆ ಬೇಡ ಅತ್ತಿ, ಬೇಸರ ಮಾಡಬೇಡಿ. ಬಿಚ್ಚಿ ತೊಟ್ಟಿಲಿಗೆ ಕಟ್ಟಿದ್ದೇವೆ. ಕಾಕಾ, ಮೆಸೇಜ್ ಇನ್ನೂ ಹಾಗೇ ಇದೆ.