ಸ್ಟ್ರೋಕ್ ಆದವರನ್ನು ಕೂರಿಸಿ ಮೀಯಿಸಲು ಎಂಥ ಕುರ್ಚಿ ತರುವುದು?

ಸುರತ್ಕಲ್‌ನಿಂದ ಕೇಳಿದ್ದು:
ನಮ್ಮ ಯಜಮಾನರಿಗೆ 63 ವರ್ಷ, ತೂಕ 74 ಕೆಜಿ. ಸ್ಟ್ರೋಕ್ ಆಗಿ ಎಡಭಾಗಕ್ಕೆ ಬಲ ಇಲ್ಲ. ಹಿಡಿದುಕೊಂಡರೆ ಅರ್ಧ ನಿಮಿಷ ನಿಲ್ಲುತ್ತಾರೆ, ಹೆಜ್ಜೆ ಇಡಲು ಆಗುವುದಿಲ್ಲ. ಈಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಚೊಂಬಿನಲ್ಲಿ ನೀರು ಹೊಯ್ಯುವುದು. ಕೆಂಪುಕಲ್ಲಿನ ಹಳೇ ಮನೆ. ಬಚ್ಚಲು ನಾಲ್ಕಡಿಗೆ ಆರಡಿ, ಬಾಗಿಲು ಸಣ್ಣದು, ನೆಲ ಒಳಗಿನ ಕೋಣೆಗಿಂತ ಮೂರು ಇಂಚು ತಗ್ಗು. ಎಂಥ ಕುರ್ಚಿ ತರಬೇಕು, ಹಿಡಿಕೆ ಎಲ್ಲಿ ಹಾಕಿಸಬೇಕು? ತಿಳಿದವರು ಹೇಳಿ.

ಕಂಕನಾಡಿಯಿಂದ:
ಅಕ್ಕ, ಆ ಪ್ಲಾಸ್ಟಿಕ್ ಕುರ್ಚಿಯನ್ನು ಇವತ್ತೇ ಬಿಡಿ. ಸೋಪಿನ ನೀರಿನಲ್ಲಿ ಅದರ ಕಾಲು ಹೊರಗೆ ಜಾರಿ ಅಗಲಿಸ್ತದೆ, ಒಂದು ಬದಿಗೆ ಭಾರ ಬಿದ್ದರೆ ಬುಡದಲ್ಲೇ ಸೀಳ್ತದೆ. ಎಡಕ್ಕೆ ವಾಲುವವರಿಗೆ ಅದು ಖಂಡಿತ ಬೇಡ.

ಹೆಜ್ಜೆ ಇಡಲು ಆಗದವರಿಗೆ ಬಚ್ಚಲಲ್ಲೇ ಇರುವ ಸ್ಟೂಲ್ ಪ್ರಯೋಜನ ಇಲ್ಲ. ನಾಲ್ಕು ಸಣ್ಣ ಚಕ್ರದ, ಕಮೋಡ್ ತೂತು ಇರುವ ಸ್ನಾನದ ಗಾಲಿಕುರ್ಚಿ ನೋಡಿ. ಮಂಚದಿಂದ ಕುರ್ಚಿಗೆ ಒಣ ನೆಲದಲ್ಲಿ ಒಂದೇ ಸಲ ದಾಟಿಸುವುದು, ಮಿಂದ ಮೇಲೆ ಅದೇ ಕುರ್ಚಿಯಲ್ಲಿ ಮಂಚಕ್ಕೆ. ಒದ್ದೆ ನೆಲದಲ್ಲಿ ಎಬ್ಬಿಸುವ ಪ್ರಸಂಗವೇ ಬರಬಾರದು.

ಅಂಗಡಿಗೆ ಹೋಗುವ ಮೊದಲು ಅಳತೆ ತೆಗೆಯಿರಿ. ಬಾಗಿಲು ಪೂರ್ತಿ ತೆರೆದಿಟ್ಟು, ಬಾಗಿಲ ಹಲಗೆಯಿಂದ ಎದುರಿನ ದಾರಂದದವರೆಗೆ ಎಷ್ಟು ಇಂಚು? ದಾರಂದದಿಂದ ದಾರಂದಕ್ಕೆ ಅಳೆದರೆ ಒಂದೂವರೆ ಇಂಚು ಮೋಸ ಹೋಗ್ತೀರಿ. ಕುರ್ಚಿಯ ಅತಿ ಅಗಲದ ಜಾಗಕ್ಕಿಂತ ಎರಡು ಇಂಚು ಹೆಚ್ಚು ಬೇಕು, ಇಲ್ಲದಿದ್ದರೆ ಅವರ ಗೆಣ್ಣು ತರಚ್ತದೆ. ಸಾಲದಿದ್ದರೆ ಬಾಗಿಲು ಕಳಚಿ ಪರದೆ ಹಾಕಿ. ಬಾಗಿಲು ಬೇಕೇ ಬೇಕಾದರೆ ಹೊರಗೆ ತೆರೆಯುವ ಹಾಗೆ ತಿರುಗಿಸಿ. ಒಳಗೆ ಬಿದ್ದವರ ಮೈ ಅಡ್ಡ ಬಂದರೆ ಒಳಗೆ ತೆರೆಯುವ ಬಾಗಿಲನ್ನು ದೂಡಲಿಕ್ಕೇ ಆಗುವುದಿಲ್ಲ.

ಕೈಯಿಡುವ ಹಿಡಿ ಮೇಲೆತ್ತಲು ಬರಬೇಕು, ಚಕ್ರಕ್ಕೆ ಬ್ರೇಕ್, ಪಾದಕ್ಕೆ ಹಲಗೆ ಬೇಕು. ಕುರ್ಚಿಯ ಮೇಲೆ ಬರೆದ ಭಾರಮಿತಿ 100 ಕೆಜಿಗೆ ಕಡಿಮೆ ಇದ್ದರೆ ಬೇಡ.

ಉಡುಪಿಯಿಂದ:
ಮೂರು ಇಂಚಿನ ತಗ್ಗು ಮರೆಯಬೇಡಿ. ಸಣ್ಣ ಚಕ್ರ ಒಂದು ಇಂಚಿನ ಮೆಟ್ಟಿಲಿಗೂ ಸಿಕ್ಕಿಬೀಳ್ತದೆ, ಮುಂದಕ್ಕೆ ದೂಡಿದರೆ ಕೂತವರು ಮುಗ್ಗರಿಸ್ತಾರೆ. ಇಂಚಿಗೆ ಒಂದಡಿ ಲೆಕ್ಕದಲ್ಲಿ ಮೂರಡಿ ಉದ್ದದ ಇಳಿಜಾರು ಬೇಕು. ಆರಡಿ ಬಚ್ಚಲಲ್ಲಿ ಅದು ಅರ್ಧ ಜಾಗ ತಿಂತದೆ. ಸಿಮೆಂಟಿನಲ್ಲಿ ಕಟ್ಟಿಸಿದರೆ ನೀರು ಹೋಗುವ ಓಟವೂ ಕೆಡ್ತದೆ. ಹಾಗಾಗಿ ಎತ್ತಿಡಲು ಬರುವ ಹಲಗೆ ಮಾಡಿಸಿ. ಪ್ಲೈವುಡ್ ಒಂದು ಮಳೆಗಾಲಕ್ಕೆ ಉಬ್ಬಿ ಪದರ ಬಿಡ್ತದೆ, ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ) ಹಲಗೆ ತಾಳ್ತದೆ. ಮೇಲೆ ಒರಟು ಟೇಪು ಅಂಟಿಸಿ. ಇಳಿಸುವಾಗ ಕುರ್ಚಿಯ ಬೆನ್ನು ಮುಂದೆ ಮಾಡಿ ನೀವು ಮೊದಲು ಇಳಿಯಿರಿ, ಹತ್ತಿಸುವಾಗ ಹಿಂದಿನಿಂದ ದೂಡಿ. ಎರಡು ಸಲವೂ ನೀವು ಕೆಳಬದಿಯಲ್ಲಿ, ಅವರ ಮುಖ ಮೇಲ್ಬದಿಗೆ.

ಮೂಡುಬಿದಿರೆಯಿಂದ:
ಹಿಡಿಕೆ ವಿಷಯ ಸ್ವಲ್ಪ ವಿವರವಾಗಿ ಹೇಳ್ತೇನೆ, ಕೆಂಪುಕಲ್ಲಿನ ಗೋಡೆಯಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ. ಪ್ಲಂಬರ್ ಟೈಲ್ಸ್ ಕೊರೆದು ಪ್ಲಾಸ್ಟಿಕ್ ಗಿಟ್ಟಿ ಹೊಡೆದು ಸ್ಕ್ರೂ ಹಾಕ್ತಾನೆ. ಟವೆಲ್ ರಾಡಿಗೆ ಅದು ಸಾಕು, ಮನುಷ್ಯನ ಭಾರಕ್ಕೆ ಸಾಲದು. ಕಲ್ಲಿನ ಒಳಗೆ ತೂತು, ಮೆದು ಮಣ್ಣಿನ ಜಾಗ ಎಲ್ಲ ಉಂಟು. ಹಿಗ್ಗುವ ಬೋಲ್ಟ್ ಬಿಗಿ ಮಾಡಿದಷ್ಟೂ ಸುತ್ತಲಿನ ಕಲ್ಲು ಪುಡಿಯಾಗ್ತದೆ. ಹೊರಗಿನಿಂದ ಗಟ್ಟಿ ಕಾಣ್ತದೆ, ಒಂದು ದಿನ ಟೈಲ್ಸ್ ಸಮೇತ ಕೈಗೆ ಬರ್ತದೆ.

ಗೋಡೆಯ ಆಚೆ ಬದಿ ಕೈಗೆ ಸಿಗುವುದಾದರೆ ಆರುಪಾರು ಕೊರೆಸಿ. 10 ಮಿಮೀ ಸ್ಟೀಲ್ ಥ್ರೆಡ್ ರಾಡ್ ತೂರಿಸಿ, ಹೊರಗಡೆ ಅಂಗೈಯಗಲದ ಸ್ಟೀಲ್ ಪ್ಲೇಟ್ ಇಟ್ಟು ನಟ್ ಬಿಗಿಯಿರಿ, ಮಳೆ ನೀರು ಒಳಗೆ ಬಾರದ ಹಾಗೆ ಸಿಲಿಕೋನ್ ಹಾಕಿ. ಟೈಲ್ಸ್ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಬಂದ್ ಇರಲಿ. ಆಚೆ ಬದಿ ಸಿಗದಿದ್ದರೆ ಜಾಲರಿ ತೋಳಿನ ಕೆಮಿಕಲ್ ಆ್ಯಂಕರ್ ಹಾಕಿಸಿ, ಅಂದರೆ ತೂತಿನೊಳಗೆ ಅಂಟು ತುಂಬಿ ರಾಡ್ ಕೂರಿಸುವುದು. ಒಂದು ಇಡೀ ದಿನ ಮುಟ್ಟಬಾರದು. ಆಮೇಲೆ ಗಟ್ಟಿಮುಟ್ಟಾದ ಒಬ್ಬರು ಜೋತುಬಿದ್ದು ನೋಡಬೇಕು. ರಬ್ಬರ್ ಕಪ್ ಅಂಟಿಸುವ ಹಿಡಿಕೆ ಬೇಡವೇ ಬೇಡ.

ಹಿಡಿಕೆಯ ದಪ್ಪ 32ರಿಂದ 35 ಮಿಮೀ, ಗೋಡೆಯಿಂದ 40 ಮಿಮೀ ಅಂತರ. ನಿಮ್ಮವರ ಬಲಗೈಗೆ ಸಿಗುವ ಗೋಡೆಯಲ್ಲಿ, ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಚಾಚಿಸಿ, ಗುರುತು ಹಾಕಿ ಕೊರೆಸಿ.

ಮಣಿಪಾಲದಿಂದ:
ಮಂಚದಿಂದ ದಾಟಿಸುವಾಗ ಕುರ್ಚಿ ಅವರ ಬಲಬದಿಗೆ ಇರಲಿ. ಎಡಗೈ ಹಿಡಿದೋ ಕಂಕುಳಿಗೆ ಕೈ ಹಾಕಿಯೋ ಎತ್ತಬೇಡಿ. ಬಲ ಇಲ್ಲದ ಭುಜದ ಕೀಲು ಸುಲಭದಲ್ಲಿ ಜಾರ್ತದೆ, ಆ ನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಸೊಂಟಕ್ಕೆ ಕಟ್ಟುವ ಹಿಡಿಕೆಯ ಬೆಲ್ಟ್ ಸಿಗ್ತದೆ, ಅದನ್ನು ಹಿಡಿಯಿರಿ. ಎಬ್ಬಿಸುವ ಮೊದಲು ಎರಡು ನಿಮಿಷ ಮಂಚದ ಅಂಚಿನಲ್ಲಿ ಕೂರಲಿ, ತಲೆ ತಿರುಗುವುದು ಕಡಿಮೆಯಾಗ್ತದೆ.

ಎಡಗಾಲು ಕುರ್ಚಿಯ ಪಾದದ ಹಲಗೆಯಿಂದ ಜಾರಿ ಚಕ್ರಕ್ಕೆ ಸಿಕ್ಕಿದರೂ ಅವರಿಗೆ ಗೊತ್ತಾಗದಿರಬಹುದು. ವೆಲ್ಕ್ರೋ ಪಟ್ಟಿ ಹಾಕಿ. ನೀರಿನ ಬಿಸಿಯೂ ಹಾಗೆಯೇ. ಎಡಮೈಗೆ ಸುಟ್ಟರೂ ತಿಳಿಯದೆ ಹೋಗಬಹುದು. 38ರಿಂದ 40 ಡಿಗ್ರಿ ಸಾಕು. ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿ ಸೇರಿಸಿ, ನಿಮ್ಮ ಮೊಣಕೈಗೆ ಹಾಕಿ ನೋಡಿ. ಸೋಲಾರ್ ನೀರಿದ್ದರೆ ಬೇಸಗೆಯಲ್ಲಿ ತುಂಬಾ ಜಾಗ್ರತೆ.

ಹ್ಯಾಂಡ್ ಶವರ್ ಪೈಪು ಒಂದೂವರೆ ಮೀಟರ್ ಇರಲಿ. ಶೌಚದ ಫಾಸೆಟ್‌ನ ಪೈಪು ಗಿಡ್ಡ, ನೀರಿನ ರಭಸವೂ ಜಾಸ್ತಿ. ಮಿಂದ ಮೇಲೆ ಹಿಡಿಯಲ್ಲಿ ಮಾತ್ರ ನಿಲ್ಲಿಸದೆ ಗೋಡೆಯ ನಲ್ಲಿ ಬಂದ್ ಮಾಡಿ, ಇಲ್ಲದಿದ್ದರೆ ಒತ್ತಡಕ್ಕೆ ಪೈಪು ಒಡೀತದೆ.

ಸುರತ್ಕಲ್:
ತುಂಬಾ ಉಪಕಾರ. ವಾರಕ್ಕೊಮ್ಮೆ ಎಣ್ಣೆ ಹಚ್ಚಿ ಮೀಯುವುದು ಅವರಿಗೆ ಬೇಕೇ ಬೇಕು. ಮಾಡಬಹುದಾ?

ಮಣಿಪಾಲ:
ಖಂಡಿತ. ಎಣ್ಣೆಯನ್ನು ಮಂಚದ ಮೇಲೆ ಹಚ್ಚಬೇಡಿ, ದಾಟಿಸುವಾಗ ಕೈ ಜಾರ್ತದೆ. ಕುರ್ಚಿಯಲ್ಲಿ ಕೂರಿಸಿದ ಮೇಲೆ, ಸೀಟಿಗೆ ಟವೆಲ್ ಹಾಸಿ ಹಚ್ಚಿ. ಪಾದದಡಿಗೆ ಹಚ್ಚುವುದು ಬೇಡ. ಕಡ್ಲೆಹಿಟ್ಟು ಹಾಕಿ ಎಣ್ಣೆ ಪೂರ್ತಿ ತೆಗೆದು, ಮೈ ಒರೆಸಿಯೇ ಮಂಚಕ್ಕೆ. ಗಟ್ಟಿ ಸೀಟಿನಲ್ಲಿ 20 ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ. ತೂತಿನ ಅಂಚು ಒತ್ತಿ ಚರ್ಮ ಕೆಂಪಾಗಿ ಹುಣ್ಣಿಗೆ ದಾರಿಯಾಗ್ತದೆ. ಮೆತ್ತೆ ಹಾಕಿದ ಸೀಟೇ ಕೇಳಿ.

ಕುಂದಾಪುರದಿಂದ:
ಪೈಂಟ್ ಹೊಡೆದ ಕಬ್ಬಿಣದ ಕುರ್ಚಿ ಕಡಲ ಬದಿಯಲ್ಲಿ ಬಾಳುವುದಿಲ್ಲ, ಬೆಸುಗೆ ಹಾಕಿದ ಜಾಗದಲ್ಲಿ ಒಳಗಿನಿಂದಲೇ ತುಕ್ಕು ಹಿಡೀತದೆ. ಅಲ್ಯೂಮಿನಿಯಂ ಇಲ್ಲವೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ. 202 ದರ್ಜೆಯದ್ದಾದರೆ ಬೇಗ ಕಲೆ ಬೀಳ್ತದೆ. ಮಿಂದಾದ ಮೇಲೆ ಒಳ್ಳೆ ನೀರು ಹಾಕಿ ಒರೆಸಿ. ಚಕ್ರಕ್ಕೆ ಸುತ್ತಿದ ಕೂದಲು ವಾರಕ್ಕೊಮ್ಮೆ ತೆಗೆಯಿರಿ, ಬ್ರೇಕ್ ಹಿಡಿಯದಿರಲು ಹೆಚ್ಚಾಗಿ ಅದೇ ಕಾರಣ. ರಬ್ಬರ್ ಮ್ಯಾಟ್ ಮಳೆಗಾಲದಲ್ಲಿ ನೆಲದಲ್ಲೇ ಬಿಟ್ಟರೆ ಅಡಿಯಲ್ಲಿ ಲೋಳೆ ಕಟ್ತದೆ, ದಿನಾ ಎತ್ತಿ ನೇತುಹಾಕಿ.

ಬಂಟ್ವಾಳದಿಂದ:
63 ಆಯಿತು ಅಂದಿರಿ. ಬಿಪಿಎಲ್ ಕಾರ್ಡು ಇದ್ದರೆ ಅಥವಾ ತಿಂಗಳ ಆದಾಯ 15,000 ರೂಪಾಯಿ ಒಳಗಿದ್ದರೆ 60 ದಾಟಿದವರಿಗೆ ಸಾಧನ ಕೊಡುವ ಕೇಂದ್ರ ಸರಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಬಗ್ಗೆ ವಿಚಾರಿಸಿ, ಅದರ ಪಟ್ಟಿಯಲ್ಲಿ ಕಮೋಡ್ ಇರುವ ಗಾಲಿಕುರ್ಚಿ ಉಂಟು. ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಇನ್ನೂ ಆಗದಿದ್ದರೆ ಆನ್‌ಲೈನ್ ಅರ್ಜಿ ಹಾಕಿ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ. ಅರ್ಜಿ ತುಂಬಲು ಊರಿನ ಪುನರ್ವಸತಿ ಕಾರ್ಯಕರ್ತರು ನೆರವಾಗ್ತಾರೆ. ವಯೋಶ್ರೀ ಶಿಬಿರದಲ್ಲಿ ಮೊದಲ ದಿನ ಅಳತೆ, ದಾಖಲೆ ಮಾತ್ರ, ಸಾಮಾನು ಬರುವುದು ಮತ್ತೆ. ಅಲ್ಲಿಯವರೆಗೆ ಸರ್ಜಿಕಲ್ ಅಂಗಡಿಯಲ್ಲಿ ಬಾಡಿಗೆಗೆ ಕೇಳಿ. ಒಂದು ತಿಂಗಳು ಬಾಡಿಗೆಯದ್ದು ಓಡಿಸಿ ನೋಡಿದರೆ ನಿಮ್ಮ ಬಾಗಿಲಿಗೆ ಎಂಥದ್ದು ಹಿಡಿಸ್ತದೆ ಅಂತ ಗೊತ್ತಾಗ್ತದೆ.