ಪದಚರ್ಚೆ: ‘ಪ್ರೆಶರ್ ಗ್ರೂಪ್’, ‘ಲಾಬಿ’, ‘ಸಬ್ಜೆಕ್ಟ್’ – ಬ್ರಿಟನ್ನಿನ ರಾಜಕೀಯಕ್ಕೆ ಯಾವ ಕನ್ನಡ ಪದ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಪದವಿ ತರಗತಿಯ ರಾಜ್ಯಶಾಸ್ತ್ರಕ್ಕಾಗಿ ಬ್ರಿಟನ್ನಿನ ರಾಜಕೀಯದ ಮೇಲೆ ಕನ್ನಡದಲ್ಲಿ ಒಂದು ಅಧ್ಯಾಯ ತಯಾರಾಗುತ್ತಿದೆ. ಪ್ರೆಶರ್ ಗ್ರೂಪ್ ಎಂಬುದಕ್ಕೆ ‘ಒತ್ತಡ ಗುಂಪು’, ‘ಹಿತಾಸಕ್ತಿ ಗುಂಪು’, ‘ಪ್ರಭಾವಿ ಗುಂಪು’ ಎಂಬ ಮೂರು ಪದಗಳೂ ಓಡಾಡುತ್ತಿವೆ. ಮೂರರ ಅರ್ಥವೂ ಒಂದೇ ಏನು? ಇನ್‌ಸೈಡರ್ ಗ್ರೂಪ್, ಔಟ್‌ಸೈಡರ್ ಗ್ರೂಪ್ ಎಂಬ ವಿಂಗಡಣೆಗೆ ‘ಒಳಗಿನ’, ‘ಹೊರಗಿನ’ ಎಂದರೆ ಸಾಕೇ? ‘ಲಾಬಿ’ಯನ್ನು ಹಾಗೇ ಉಳಿಸಿಕೊಳ್ಳಬಹುದೇ? ಬ್ರಿಟಿಷರ ಹಕ್ಕುಗಳನ್ನು ‘ಮೂಲಭೂತ ಹಕ್ಕುಗಳು’ ಎಂದು ಬರೆದರೆ ತಪ್ಪಾಗುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ:

ನಮಸ್ಕಾರ. ‘ಒತ್ತಡ ಗುಂಪು’ ಎಂಬುದನ್ನೇ ಹೊದಿಕೆಯ ಪದವಾಗಿ ಇಟ್ಟುಕೊಳ್ಳಿ. ಪಿಯುಸಿ ಪುಸ್ತಕಗಳಿಂದ ಬಂದ ವಿದ್ಯಾರ್ಥಿಗಳಿಗೆ ಅದು ಪರಿಚಿತ, ಅದರಲ್ಲಿ ಒಳ್ಳೆಯದು ಕೆಟ್ಟದ್ದು ಎಂಬ ತೀರ್ಪೂ ಇಲ್ಲ. ಚುನಾವಣೆಗೆ ನಿಂತು ಸರ್ಕಾರ ನಡೆಸುವ ಉದ್ದೇಶವಿಲ್ಲದೆ, ಸರ್ಕಾರ ಮಾಡುವ ಒಂದು ಕೆಲಸವನ್ನು ಬದಲಿಸಲು ಯತ್ನಿಸುವ ಸಂಘಟನೆ ಎಂದು ಮೊದಲ ಸಲ ಬಳಸುವಾಗಲೇ ವಿವರಿಸಿಬಿಡಿ.

ತೊಂದರೆ ಇರುವುದು ‘ಹಿತಾಸಕ್ತಿ’ಯಲ್ಲಿ. ಕನ್ನಡ ಪತ್ರಿಕೆ ಓದುವವರ ಕಿವಿಯಲ್ಲಿ ಈ ಪದ ಒಂಟಿಯಾಗಿ ನಿಲ್ಲುವುದೇ ಇಲ್ಲ, ‘ಪಟ್ಟಭದ್ರ’ವನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಬ್ರಿಟಿಷ್ ವೈದ್ಯರ ಸಂಘವನ್ನು (ಬಿಎಂಎ) ‘ಹಿತಾಸಕ್ತಿ ಗುಂಪು’ ಎಂದರೆ, ಏನೋ ಮುಚ್ಚಿಟ್ಟು ಆಡುತ್ತಿರುವವರು ಎಂಬ ಅನುಮಾನ ಓದುಗರಿಗೆ ಮೂಡುತ್ತದೆ. ಮೂಲದಲ್ಲಿ ಆ ಭಾವ ಇಲ್ಲ. ತಮ್ಮ ವೃತ್ತಿಯವರ ಸಂಬಳ, ಕೆಲಸದ ಸ್ಥಿತಿಗತಿ ನೋಡಿಕೊಳ್ಳುವ ಸಂಘ ಎಂಬಷ್ಟೇ ಅರ್ಥ. ಆದ್ದರಿಂದ ಅಂಥವಕ್ಕೆ ‘ವೃತ್ತಿಹಿತದ ಗುಂಪು’ ಎನ್ನಿ. ಇನ್ನೊಂದು ಬಗೆಗೆ ‘ಧ್ಯೇಯದ ಗುಂಪು’ ಎನ್ನಬಹುದು: 1824ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಪ್ರಾಣಿದಯಾ ಸಂಸ್ಥೆ ಆರ್‌ಎಸ್‌ಪಿಸಿಎ, 1966ರಲ್ಲಿ ಶುರುವಾದ ಮನೆಯಿಲ್ಲದವರ ಪರ ಸಂಸ್ಥೆ ಶೆಲ್ಟರ್, 1934ರಲ್ಲಿ ನಾಗರಿಕ ಸ್ವಾತಂತ್ರ್ಯಗಳ ರಾಷ್ಟ್ರೀಯ ಮಂಡಳಿಯಾಗಿ ಆರಂಭವಾಗಿ ಈಗ ಲಿಬರ್ಟಿ ಎನಿಸಿಕೊಂಡಿರುವ ಸಂಸ್ಥೆ.

ಎರಡನ್ನೂ ಬೇರ್ಪಡಿಸಲು ಎರಡು ಪ್ರಶ್ನೆ ಕೇಳಿದರೆ ಆಯಿತು. ಸದಸ್ಯರಾಗಲು ಯಾರಿಗೆ ಅವಕಾಶ? ಗೆದ್ದರೆ ಲಾಭ ಯಾರಿಗೆ? ಬಿಎಂಎ ಸೇರಲು ವೈದ್ಯರೋ ವೈದ್ಯ ವಿದ್ಯಾರ್ಥಿಯೋ ಆಗಿರಬೇಕು; ಲಿಬರ್ಟಿ ಯಾರನ್ನಾದರೂ ಸೇರಿಸಿಕೊಳ್ಳುತ್ತದೆ. ಆದರೆ ಒಂದು ಸಂಘಕ್ಕೆ ಒಂದೇ ಹಣೆಪಟ್ಟಿ ಅಂಟಿಸಿ ಸುಮ್ಮನಾಗಬೇಡಿ. ಇದೇ ಬಿಎಂಎ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಲ್ಲಿಸಬೇಕೆಂದೂ ಒತ್ತಾಯಿಸಿತು, ಇಂಗ್ಲೆಂಡಿನಲ್ಲಿ 2007ರ ಜುಲೈ 1ರಿಂದ ಆ ನಿಷೇಧ ಜಾರಿಗೆ ಬಂತು. ಆ ಹೋರಾಟದ ಮಟ್ಟಿಗೆ ಅದು ಧ್ಯೇಯದ ಗುಂಪೇ. ‘ಇದು ವೃತ್ತಿಹಿತದ ಗುಂಪು’ ಎನ್ನುವುದಕ್ಕಿಂತ ‘ಇಲ್ಲಿ ವೃತ್ತಿಹಿತದ ಗುಂಪಾಗಿ ನಡೆದುಕೊಂಡಿತು’ ಎಂದು ಬರೆದರೆ ವಿದ್ಯಾರ್ಥಿಗೆ ವಿಷಯ ನೇರವಾಗಿ ತಲುಪುತ್ತದೆ.

‘ಪ್ರಭಾವಿ ಗುಂಪು’ ಬೇಡವೇ ಬೇಡ. ಪ್ರಭಾವಿ ಎಂದರೆ ಆಗಲೇ ಪ್ರಭಾವ ಇರುವವರು ಎಂದಾಗುತ್ತದೆ. ಪ್ರಭಾವ ಬೀರಲು ಯತ್ನಿಸಿ ಸೋತ ಗುಂಪುಗಳೇ ಹೆಚ್ಚು.

ಇನ್ನು ‘ಲಾಬಿ’. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇದು ಮೊದಲಿಗೆ ಒಂದು ಜಾಗ, ಅದೂ ಒಂದಲ್ಲ. ಕಾಮನ್ಸ್ ಸಭೆಗೂ ಲಾರ್ಡ್ಸ್ ಸಭೆಗೂ ನಡುವೆ ಎಂಟು ಮೂಲೆಯ ಸೆಂಟ್ರಲ್ ಲಾಬಿ ಇದೆ. ಅಲ್ಲಿಗೆ ಹೋಗಿ ಹಸಿರು ಚೀಟಿ ತುಂಬಿಕೊಟ್ಟು, ತಮ್ಮ ಕ್ಷೇತ್ರದ ಸಂಸದರನ್ನು ಕಾಣಬೇಕೆಂದು ಕೇಳಬಹುದು. ಸಂಸದರು ಆ ಹೊತ್ತಿಗೆ ಸಿಗುತ್ತಾರೆಂಬ ಖಾತರಿ ಇಲ್ಲ, ಕೇಳುವ ಹಕ್ಕಂತೂ ಇದೆ. ಕಾಮನ್ಸ್ ಸಭೆಗೆ ಅಂಟಿಕೊಂಡ ಮೆಂಬರ್ಸ್ ಲಾಬಿ ಬೇರೆ. ಅಲ್ಲಿ ಓಡಾಡಲು ಅನುಮತಿ ಇರುವ ಪತ್ರಕರ್ತರೇ ‘ಲಾಬಿ’ ಪತ್ರಕರ್ತರು. ಇವೆರಡೂ ಅಲ್ಲದೆ ಮತ ಹಾಕುವ ಎರಡು ಲಾಬಿಗಳಿವೆ, ಪರ ಒಂದು, ವಿರೋಧ ಒಂದು. ಮತವಿಭಜನೆ ಎಂದು ಗಂಟೆ ಬಾರಿಸಿದ ಮೇಲೆ ಸದಸ್ಯರಿಗೆ 8 ನಿಮಿಷ ಸಮಯ. ಬಳಿಕ ಬಾಗಿಲು ಹಾಕುತ್ತಾರೆ, ತಡವಾಗಿ ಬಂದವರ ಮತ ಹೋಯಿತು.

ಈ ಜಾಗಗಳಿಗೆಲ್ಲ ನಮ್ಮಲ್ಲಿ ಸೊಗಸಾದ ಪದ ಆಗಲೇ ಇದೆ: ಮೊಗಸಾಲೆ. ವಿಧಾನಸಭೆಯ ವರದಿಗಳಲ್ಲಿ ಬಳಕೆಯಲ್ಲಿರುವ ಮಾತು ಅದು. ‘ಮತವಿಭಜನೆಯ ಮೊಗಸಾಲೆ’, ‘ಮೊಗಸಾಲೆ ವರದಿಗಾರರು’ ಎಂದರೆ ಯಾರಿಗೂ ಗೊಂದಲವಾಗದು. ಕ್ರಿಯೆಯನ್ನು ಹೇಳುವಾಗ ಮಾತ್ರ ‘ಲಾಬಿ’ ಉಳಿಸಿ, ಅಲ್ಲೂ ಎಚ್ಚರ ಬೇಕು. ‘ಮಂತ್ರಿಗಿರಿಗೆ ಶಾಸಕರ ಲಾಬಿ’ ಎಂದು ನಾವು ಓದುವಾಗ, ಸ್ವಂತಕ್ಕಾಗಿ ತೆರೆಮರೆಯಲ್ಲಿ ನಡೆಸುವ ಯತ್ನ ಎಂಬುದೇ ಅರ್ಥ. ಪಿಂಚಣಿದಾರರು ಬಸ್ಸು ಮಾಡಿಕೊಂಡು ಬಂದು ತಮ್ಮ ಸಂಸದರಿಗೆ ಕಷ್ಟ ಹೇಳಿಕೊಳ್ಳುವುದನ್ನೂ ಇಂಗ್ಲಿಷಿನವರು ಅದೇ ಪದದಿಂದ ಕರೆಯುತ್ತಾರೆ. ಅಂಥ ಕಡೆ ‘ಸಾಮೂಹಿಕವಾಗಿ ಅಹವಾಲು ಸಲ್ಲಿಸಿದರು’ ಎನ್ನಿ. ಹಣ ಪಡೆದು ಇನ್ನೊಬ್ಬರ ಪರ ಮಂತ್ರಿಗಳನ್ನು ಕಾಣುವವರು ‘ವೃತ್ತಿಪರ ಲಾಬಿಗಾರರು’. 2014ರ ಕಾಯ್ದೆಯ ಪ್ರಕಾರ ನೋಂದಾಯಿಸಿಕೊಳ್ಳಬೇಕಾದವರು ಇವರು ಮಾತ್ರ. ಒಂದು ಕಂಪನಿ ತನ್ನದೇ ನೌಕರರನ್ನು ಕಳಿಸಿದರೆ ಆ ಪಟ್ಟಿಗೆ ಅವರು ಸೇರುವುದಿಲ್ಲ. ‘ಬ್ರಿಟನ್ನಿನಲ್ಲಿ ಲಾಬಿ ಮಾಡುವವರೆಲ್ಲ ನೋಂದಾಯಿಸಬೇಕು’ ಎಂದು ಬರೆದರೆ ತಪ್ಪಾಗುತ್ತದೆ.

ಇನ್ನೊಂದು ಉತ್ತರ:

ಮೇಲಿನವರು ಬಿಟ್ಟ ಇನ್‌ಸೈಡರ್, ಔಟ್‌ಸೈಡರ್ ವಿಚಾರ ನಾನು ಎತ್ತಿಕೊಳ್ಳುತ್ತೇನೆ. ಈ ವಿಂಗಡಣೆಯನ್ನು 1978ರಲ್ಲಿ ಮುಂದಿಟ್ಟವರು ಬ್ರಿಟಿಷ್ ರಾಜ್ಯಶಾಸ್ತ್ರಜ್ಞ ವಿನ್ ಗ್ರಾಂಟ್. ಅವರ ಅಳತೆಗೋಲು ಒಂದೇ: ನೀತಿ ರೂಪಿಸುವಾಗ ಸರ್ಕಾರ ಈ ಗುಂಪನ್ನು ಸಮಾಲೋಚನೆಗೆ ಕರೆಯುತ್ತದೆಯೇ ಇಲ್ಲವೇ? ಸಿರಿತನ, ಸದಸ್ಯಬಲ, ಊರು ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. ಕನ್ನಡದಲ್ಲಿ ‘ಹೊರಗಿನವರು’ ಎಂದೊಡನೆ ಬೇರೆ ಊರಿನವರು, ವಲಸಿಗರು ಎಂದಾಗಿಬಿಡುತ್ತದೆ. ‘ಹೊರವಲಯ’ ಎಂದರೆ ನಗರದಾಚೆಯ ಬಡಾವಣೆ.

‘ಒಳವಲಯದ ಗುಂಪು’, ‘ಹೊರಗುಳಿದ ಗುಂಪು’ ಎಂಬ ಜೋಡಿ ನನ್ನ ಸಲಹೆ. ‘ಹೊರಗುಳಿ’ಯ ಬಲ ಏನೆಂದರೆ, ಬೇಕೆಂದೇ ದೂರ ನಿಂತವರಿಗೂ ಅದು ಹೊಂದುತ್ತದೆ, ಕರೆಯದೆ ಬಿಟ್ಟವರಿಗೂ ಹೊಂದುತ್ತದೆ. ಗ್ರಾಂಟ್ ಈ ಎರಡನ್ನೂ ಗುರುತಿಸಿದ್ದಾರೆ: ಒಳಬರಲು ಬೇಕಾದ ಪರಿಣತಿ ಇಲ್ಲದೆ ಹೊರಗಿರುವವರು ಕೆಲವರು, ಸರ್ಕಾರದ ಜೊತೆ ಕೂರುವುದೇ ರಾಜಿ ಎಂದು ತತ್ತ್ವಕ್ಕಾಗಿ ಹೊರಗಿರುವವರು ಇನ್ನು ಕೆಲವರು. ‘ಹೊರಗಿಟ್ಟ ಗುಂಪು’ ಎಂದರೆ ಎರಡನೆಯವರು ಮಾಯವಾಗುತ್ತಾರೆ.

ಒಳವಲಯಕ್ಕೆ ಉದಾಹರಣೆ ಬೇಕಿದ್ದರೆ ರೈತರ ರಾಷ್ಟ್ರೀಯ ಒಕ್ಕೂಟ ಎನ್‌ಎಫ್‌ಯು ತೆಗೆದುಕೊಳ್ಳಿ. 1947ರ ಕೃಷಿ ಕಾಯ್ದೆ ಪ್ರತಿ ವರ್ಷದ ಬೆಲೆ ಪರಿಶೀಲನೆಗೆ ರೈತರ ಪ್ರತಿನಿಧಿಗಳ ಸಮಾಲೋಚನೆಯನ್ನು ಕಾನೂನಿನಲ್ಲೇ ಬರೆದಿಟ್ಟಿತು. ಬೀದಿಗಿಳಿಯದೆ ಮೇಜಿನ ಮುಂದೆ ಕೂತು ಕೆಲಸ ಸಾಧಿಸಿದವರು ಅವರು. ಹೊರಗುಳಿದವರಿಗೆ ಉದಾಹರಣೆ, ಹೊಸ ತೈಲ ಯೋಜನೆಗಳನ್ನು ವಿರೋಧಿಸುವ ಪರಿಸರ ಗುಂಪು ಜಸ್ಟ್ ಸ್ಟಾಪ್ ಆಯಿಲ್. ಅದು 2022ರಲ್ಲಿ ರಸ್ತೆ ತಡೆಯುತ್ತಾ ಬಂದಿತು; 2023ರ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆ, ಪ್ರತಿಭಟನೆಯಲ್ಲಿ ತಮ್ಮನ್ನು ಒಂದು ವಸ್ತುವಿಗೋ ಇನ್ನೊಬ್ಬರಿಗೋ ಬಿಗಿದುಕೊಂಡು ಗಂಭೀರ ಅಡಚಣೆ ಮಾಡುವುದನ್ನೇ ಪ್ರತ್ಯೇಕ ಅಪರಾಧವಾಗಿಸಿತು. ಇಂಥ ಹೋರಾಟಕ್ಕೆ ‘ಸವಿನಯ ಕಾನೂನುಭಂಗ’ ಬಳಸುವುದಾದರೆ, ಹೋರಾಟಗಾರರು ಶಿಕ್ಷೆ ಒಪ್ಪಿಕೊಂಡು ಬಹಿರಂಗವಾಗಿ ಕಾನೂನು ಮುರಿದಾಗ ಮಾತ್ರ ಬಳಸಿ. ಆ ಪದದ ಹಿಂದೆ ನಮ್ಮ ಉಪ್ಪಿನ ಸತ್ಯಾಗ್ರಹದ ಶಿಸ್ತು ಇದೆ, ಅದನ್ನು ಸಡಿಲ ಮಾಡಬಾರದು.

‘ಮೂಲಭೂತ ಹಕ್ಕು’ ಖಂಡಿತ ಬೇಡ. ನಮ್ಮ ಓದುಗರಿಗೆ ಅದು ಸಂವಿಧಾನದ ಮೂರನೇ ಭಾಗ; ಅದಕ್ಕೆ ವಿರುದ್ಧವಾದ ಕಾನೂನು ಅನೂರ್ಜಿತ, ನ್ಯಾಯಾಲಯ ಹೊಡೆದುಹಾಕಬಹುದು. ಬ್ರಿಟನ್ನಿನಲ್ಲಿ ಸಂಸತ್ತೇ ಪರಮ. 1998ರ ಮಾನವ ಹಕ್ಕುಗಳ ಕಾಯ್ದೆ (ಜಾರಿಯಾದದ್ದು 2000ದ ಅಕ್ಟೋಬರ್ 2) ನ್ಯಾಯಾಧೀಶರಿಗೆ ಕೊಟ್ಟಿರುವುದು, ಸಂಸತ್ತಿನ ಕಾಯ್ದೆ ಹಕ್ಕುಗಳಿಗೆ ಹೊಂದುವುದಿಲ್ಲ ಎಂದು ಸಾರುವ ಅಧಿಕಾರ ಮಾತ್ರ. ಸಾರಿದ ಮೇಲೂ ಆ ಕಾಯ್ದೆ ಜೀವಂತ. 2004ರ ಡಿಸೆಂಬರ್‌ನಲ್ಲಿ, ವಿದೇಶಿ ಶಂಕಿತರನ್ನು ವಿಚಾರಣೆಯಿಲ್ಲದೆ ಬೆಲ್‌ಮಾರ್ಷ್ ಜೈಲಿನಲ್ಲಿಟ್ಟ ಪ್ರಕರಣದಲ್ಲಿ, ಆಗ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಲಾರ್ಡ್ಸ್ ಸಭೆಯ ನ್ಯಾಯಮೂರ್ತಿಗಳು 8–1ರಿಂದ ಹಾಗೆ ಸಾರಿದರು. ಬಂದಿಗಳು ಆ ದಿನವೇ ಹೊರಬರಲಿಲ್ಲ. 2005ರ ಮಾರ್ಚ್‌ನಲ್ಲಿ ಸಂಸತ್ತು ಬೇರೆ ಕಾಯ್ದೆ ತಂದ ಮೇಲೆಯೇ ಹಳೆಯ ವ್ಯವಸ್ಥೆ ಹೋಯಿತು. ಹೀಗಾಗಿ ‘ನ್ಯಾಯಾಲಯ ಕಾಯ್ದೆಯನ್ನು ರದ್ದುಪಡಿಸಿತು’ ಎಂಬ ವಾಕ್ಯ ಇಲ್ಲಿ ಸುಳ್ಳಾಗುತ್ತದೆ. ‘ಹಕ್ಕುಗಳಿಗೆ ಹೊಂದುವುದಿಲ್ಲವೆಂದು ಘೋಷಿಸಿತು’ ಎನ್ನಿ. ಹಕ್ಕುಗಳಿಗೆ ‘ಶಾಸನದತ್ತ ಹಕ್ಕು’ ಅಥವಾ ಸುಮ್ಮನೆ ‘ಮಾನವ ಹಕ್ಕು’ ಸಾಕು.

ಇದೇ ಬಗೆಯ ಇನ್ನೊಂದು ಜಾರುಬಂಡೆ ಸಂಸತ್ತಿನ ಆನ್‌ಲೈನ್ ಮನವಿಗಳದ್ದು. 10,000 ಸಹಿಗೆ ಸರ್ಕಾರ ಉತ್ತರ ಕೊಡುತ್ತದೆ. 1,00,000 ದಾಟಿದರೆ ಚರ್ಚೆಗೆ ‘ಪರಿಗಣಿಸುತ್ತಾರೆ’, ‘ಚರ್ಚೆ ಕಡ್ಡಾಯ’ ಅಲ್ಲ. 2019ರಲ್ಲಿ ಬ್ರೆಕ್ಸಿಟ್ ಕೈಬಿಡಿ ಎಂಬ ಮನವಿಗೆ 60 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು, ಚರ್ಚೆಯೂ ನಡೆಯಿತು, ನಿರ್ಧಾರ ಬದಲಾಗಲಿಲ್ಲ.

ಮರುಪ್ರಶ್ನೆ:

ಇಬ್ಬರಿಗೂ ತುಂಬು ಧನ್ಯವಾದ. ‘ಮೊಗಸಾಲೆ’, ‘ಹೊರಗುಳಿದ ಗುಂಪು’ ಎರಡನ್ನೂ ತೆಗೆದುಕೊಂಡೆ. ಇನ್ನೊಂದು ವಾಕ್ಯ ಉಳಿದಿದೆ: ‘ಸಂಸತ್ ಚುನಾವಣೆಯಲ್ಲಿ 18 ವರ್ಷ ತುಂಬಿದ ಬ್ರಿಟಿಷ್ ಪ್ರಜೆಗಳು ಮತ ಹಾಕಬಹುದು.’ ಇಲ್ಲಿ ‘ಪ್ರಜೆ’ ಸರಿಯೋ, ‘ನಾಗರಿಕ’ ಸರಿಯೋ?

ಉತ್ತರ:

ಪದ ಯಾವುದಾದರೂ ವಾಕ್ಯ ಅರ್ಧ ಮಾತ್ರ ನಿಜ. ಮತದ ಹಕ್ಕು ಬ್ರಿಟಿಷ್ ನಾಗರಿಕರ ಜೊತೆಗೆ, ಅಲ್ಲಿ ವಾಸವಿರುವ ಐರ್ಲೆಂಡ್ ಮತ್ತು ಕಾಮನ್‌ವೆಲ್ತ್ ದೇಶಗಳ ನಾಗರಿಕರಿಗೂ ಇದೆ. ಭಾರತದವರೂ ಅದರಲ್ಲಿ ಸೇರುತ್ತಾರೆ.

ಇದಕ್ಕೆ ಕಾರಣ ನೀವು ಕೇಳಿದ ಪದದಲ್ಲೇ ಇದೆ. ಸಾಮ್ರಾಜ್ಯದ ಕಾಲದಲ್ಲಿ ಮತದಾರನಾಗಲು ಬೇಕಿದ್ದುದು ‘ಬ್ರಿಟಿಷ್ ಸಬ್ಜೆಕ್ಟ್’ ಎಂಬ ಗುರುತು, ಅಂದರೆ ದೊರೆಯ ಪ್ರಜೆ. ದಾದಾಭಾಯಿ ನವರೋಜಿ 1892ರಲ್ಲಿ ಸೆಂಟ್ರಲ್ ಫಿನ್ಸ್‌ಬರಿಯಿಂದ ಸಂಸದರಾದದ್ದು ಆ ಗುರುತಿನ ಮೇಲೆಯೇ. 1948ರ ರಾಷ್ಟ್ರೀಯತೆ ಕಾಯ್ದೆ ‘ಬ್ರಿಟಿಷ್ ಸಬ್ಜೆಕ್ಟ್’, ‘ಕಾಮನ್‌ವೆಲ್ತ್ ಸಿಟಿಜನ್’ ಎರಡಕ್ಕೂ ಒಂದೇ ಅರ್ಥ ಎಂದಿತು. 1981ರ ಕಾಯ್ದೆ ಎರಡನ್ನೂ ಬೇರ್ಪಡಿಸಿತು, ಮತದ ಹಕ್ಕು ಮಾತ್ರ ಉಳಿದುಕೊಂಡಿತು. ಹಾಗಾಗಿ 1948ಕ್ಕೆ ಹಿಂದಿನ ಸಂದರ್ಭದಲ್ಲಿ ‘ಪ್ರಜೆ’ ಎಂದೂ, ಇಂದಿನ ಮಾತಿಗೆ ‘ನಾಗರಿಕ’ ಎಂದೂ ಬರೆಯಿರಿ. ನಡುವಿನ ವರ್ಷಗಳಿಗೆ ಕಾಯ್ದೆಯ ಪದವನ್ನೇ ಕನ್ನಡ ಲಿಪಿಯಲ್ಲಿ ಇಡುವುದು ಕ್ಷೇಮ.

ಅಧ್ಯಾಯದಲ್ಲಿ ಒಂದು ಚೌಕ ಹಾಕಿ ಈ ವಿವರವನ್ನು ಸೇರಿಸಿದರೆ ದೊಡ್ಡ ಉಪಕಾರ. ಓದಲು, ದುಡಿಯಲು ಹೋದ ಎಷ್ಟೋ ಕನ್ನಡಿಗರು ತಮಗೆ ಮತವಿಲ್ಲ ಎಂದೇ ತಿಳಿದಿದ್ದಾರೆ. ವಿದ್ಯಾರ್ಥಿ ವೀಸಾ ಆದರೂ ಸರಿ, ಉದ್ಯೋಗದ್ದಾದರೂ ಸರಿ, ದೇಶದಲ್ಲಿರಲು ಅನುಮತಿ ಇದ್ದರೆ ಸಾಕು. ಮತದಾರರ ಪಟ್ಟಿಗೆ ಹೆಸರು ತಾನಾಗಿ ಸೇರದು, ಪ್ರತಿಯೊಬ್ಬರೂ ಸ್ವತಃ ನೋಂದಾಯಿಸಬೇಕು. ಮನೆ ಬದಲಿಸಿದರೆ ಮತ್ತೆ ಮಾಡಬೇಕು. ಸರ್ಕಾರದ ಜಾಲತಾಣದಲ್ಲಿ ವಿಳಾಸ, ಜನ್ಮದಿನಾಂಕ, ರಾಷ್ಟ್ರೀಯತೆ, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೇಳುತ್ತಾರೆ. ಮತದಾನಕ್ಕೆ 12 ಕೆಲಸದ ದಿನಗಳ ಮುಂಚೆ ಗಡುವು ಮುಗಿಯುತ್ತದೆ. ಶನಿವಾರ, ಭಾನುವಾರ, ಬ್ಯಾಂಕ್ ರಜೆ ಈ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಕ್ಯಾಲೆಂಡರಿನಲ್ಲಿ ಅದು ಎರಡು ವಾರಕ್ಕಿಂತ ಹಿಂದೆ ಹೋಗುತ್ತದೆ. ಹಲವರು ಎಡವುವುದು ಇಲ್ಲಿಯೇ. 2022ರ ಚುನಾವಣಾ ಕಾಯ್ದೆಯ ನಂತರ ಸಂಸತ್ ಚುನಾವಣೆಯ ಮತಗಟ್ಟೆಯಲ್ಲಿ ಭಾವಚಿತ್ರವಿರುವ ಗುರುತು ಪತ್ರ ತೋರಿಸಬೇಕು. ಕಾಮನ್‌ವೆಲ್ತ್ ದೇಶದ ಪಾಸ್‌ಪೋರ್ಟ್ ಆ ಪಟ್ಟಿಯಲ್ಲಿದೆ, ಅಂದರೆ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಅವಧಿ ಮುಗಿದಿದ್ದರೂ ಮುಖ ಹೋಲುತ್ತಿದ್ದರೆ ಒಪ್ಪುತ್ತಾರೆ.

ನಿಮ್ಮ ವಾಕ್ಯವನ್ನು ಹೀಗೆ ತಿದ್ದಿ: ‘ಸಂಸತ್ ಚುನಾವಣೆಯಲ್ಲಿ, ಮತದಾರರ ಪಟ್ಟಿಯಲ್ಲಿ ಹೆಸರಿರುವ, 18 ವರ್ಷ ತುಂಬಿದ ಬ್ರಿಟಿಷ್ ನಾಗರಿಕರೂ ಅಲ್ಲಿ ವಾಸವಿರುವ ಐರಿಷ್ ನಾಗರಿಕರೂ ಅರ್ಹ ಕಾಮನ್‌ವೆಲ್ತ್ ನಾಗರಿಕರೂ ಮತ ಹಾಕಬಹುದು.’ ‘ಅರ್ಹ’ ಎಂಬುದನ್ನು ಬಿಡಬೇಡಿ, ವೀಸಾದ ಷರತ್ತು ನಿಂತಿರುವುದು ಆ ಪದದ ಮೇಲೆ. ಸ್ಕಾಟ್ಲೆಂಡ್ ಮತ್ತು ವೇಲ್ಸ್ ತಮ್ಮ ಶಾಸನಸಭೆಗಳಿಗೂ ಸ್ಥಳೀಯ ಚುನಾವಣೆಗಳಿಗೂ 16 ವರ್ಷಕ್ಕೇ ಮತ ಕೊಟ್ಟಿರುವುದರಿಂದ ‘ಸಂಸತ್ ಚುನಾವಣೆಯಲ್ಲಿ’ ಎಂಬ ಮಾತೂ ಅಲ್ಲೇ ಇರಲಿ.